ಅರವತ್ತು ತುಂಬಿತು, ಎಲ್ಲರಿಗೂ ಥ್ಯಾಂಕ್ಸ್

ಕಳೆದ ವಾರ ನನಗೆ ಅರವತ್ತು ತುಂಬಿತು. ಫೋನು ಮಾಡಿದವರು, ಮೆಸೇಜು ಹಾಕಿದವರು, ಮನೆಗೇ ಬಂದವರು, ಎಲ್ಲರಿಗೂ ನಮಸ್ಕಾರ. ಅವತ್ತು ಊರುಗೋಲಿಲ್ಲದೆ ಬಾಗಿಲ ತನಕ ನಡೆದು ಹೋಗಿ ನಿಮ್ಮನ್ನು ಒಳಗೆ ಕರೆದೆನಲ್ಲ, ನನ್ನ ಪಾಲಿಗೆ ಹುಟ್ಟುಹಬ್ಬಕ್ಕಿಂತ ದೊಡ್ಡ ಸಂಗತಿ ಅದು. ಸೊಂಟದ ಮೂಳೆ ಮುರಿದು ಮಲಗಿದ್ದಾಗ ಅದು ಆಗುವ ಮಾತು ಎಂದು ನನಗೇ ಅನ್ನಿಸಿರಲಿಲ್ಲ. ಹಾಗಾಗಿ ಈ ಥ್ಯಾಂಕ್ಸ್ ಆ ತಿಂಗಳುಗಳದ್ದೂ ಸೇರಿ.

"ಇಷ್ಟು ಬೇಗ ಅರವತ್ತಾ?" ಎಂದು ಬಹಳ ಜನ ಕೇಳಿದಿರಿ. ನನಗೂ ಅದೇ ಆಶ್ಚರ್ಯ. ನಲವತ್ತರ ಈಚೆಗಿನ ವರ್ಷಗಳು ಎತ್ತ ಹೋದವೋ ಗೊತ್ತಿಲ್ಲ. ಆದರೆ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಕಳೆಯುವುದೇ ಹರಸಾಹಸವಾಗಿತ್ತು.

ಮೊದಲ ಕೃತಜ್ಞತೆ ಆಸ್ಪತ್ರೆಯ ರಾತ್ರಿ ಪಾಳಿಯ ಸಿಸ್ಟರಿಗೆ. ಜ್ವರ ಏರಿದ್ದ ಒಂದು ರಾತ್ರಿ, "ಸಿಸ್ಟರ್, ಮಾತ್ರೆ ಕೊಟ್ಟು ಗಂಟೆಯಾಯ್ತು, ಇನ್ನೂ ಇಳೀಲಿಲ್ಲ" ಎಂದು ಗೊಣಗಿದೆ. ಅವರು ಕೈಗಡಿಯಾರವನ್ನು ನನ್ನ ಕಣ್ಣ ಹತ್ತಿರ ಹಿಡಿದು, "ಇಪ್ಪತ್ತೇ ನಿಮಿಷ ಸರ್" ಎಂದರು. ಮತ್ತೆ ಕೇಳಿದೆ, ಮತ್ತೆ ತೋರಿಸಿದರು. ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ಮನಶ್ಶಾಸ್ತ್ರದ ಮೇಷ್ಟ್ರಾಗಿದ್ದ ಗೆಳೆಯನಿಗೆ ಇದನ್ನು ಹೇಳಿದರೆ ಅವನು ನಕ್ಕುಬಿಟ್ಟ. 1930ರ ದಶಕದಲ್ಲಿ ಹಡ್ಸನ್ ಹೋಗ್ಲಂಡ್ ಎಂಬ ಅಮೆರಿಕದ ವಿಜ್ಞಾನಿಯ ಹೆಂಡತಿಗೂ ಹೀಗೇ ಆಗಿತ್ತಂತೆ. ಆತ ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದರೆ, ಜ್ವರದಲ್ಲಿದ್ದ ಆಕೆ ಎಷ್ಟು ಹೊತ್ತು ಮಾಡಿದಿರಿ ಎಂದು ಆಕ್ಷೇಪಿಸಿದಳು. ಗಡಿಯಾರ ನೋಡದೆ ಅರವತ್ತು ಸೆಕೆಂಡು ಎಣಿಸು ಎಂದ. ಜ್ವರ ಏರಿದಷ್ಟೂ ಆಕೆಯ ಎಣಿಕೆ ಬೇಗ ಮುಗಿಯುತ್ತಿತ್ತು. ಕಾಯಿಲೆ ಬಿದ್ದ ಹೆಂಡತಿಯ ಮೇಲೂ ಪ್ರಯೋಗ ಮಾಡುವ ಗಂಡ! ನನ್ನಾಕೆ ಅದನ್ನು ಕೇಳಿ ಏನೆಂದಳು ಎಂಬುದು ಇಲ್ಲಿ ಬೇಡ.

ಈ ಮೇಷ್ಟ್ರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಬಂದಾಗಲೆಲ್ಲ ಒಂದು ಹೊಸ ವಿಷಯ ತರುತ್ತಿದ್ದ, ಹಳೆಯದನ್ನು ಮತ್ತೆ ಎತ್ತುತ್ತಿರಲಿಲ್ಲ. ಒಂದು ದಿನ ಪಾಲ್ ಜಾನೆ ಎಂಬ ಫ್ರೆಂಚ್ ತತ್ವಜ್ಞಾನಿ 1877ರಲ್ಲಿ ಮುಂದಿಟ್ಟ ವಾದ ಹೇಳಿದ: ಹತ್ತು ವರ್ಷದ ಮಗುವಿಗೆ ಒಂದು ವರ್ಷವೆಂದರೆ ಇಡೀ ಬದುಕಿನ ಹತ್ತರಲ್ಲೊಂದು ಪಾಲು, ನನಗೆ ಅರವತ್ತರಲ್ಲೊಂದು, ಅದಕ್ಕೇ ವಯಸ್ಸಾದಂತೆ ವರ್ಷ ಕಿರಿದಾಗುತ್ತದೆ. ಲೆಕ್ಕ ಚೆನ್ನಾಗಿದೆ, ಆದರೆ ನಾನು ಒಪ್ಪಲಿಲ್ಲ. ಹಾಗಿದ್ದರೆ ಆ ಮಧ್ಯಾಹ್ನಗಳೂ ಸರ್ರನೆ ಹೋಗಬೇಕಿತ್ತಲ್ಲ? ಅದಕ್ಕೆ ಅವನ ಹತ್ತಿರ ಇನ್ನೊಂದು ಅಧ್ಯಯನ ಸಿದ್ಧವಿತ್ತು, 2005ರದ್ದು. 14ರಿಂದ 94 ವಯಸ್ಸಿನವರನ್ನು ಕೇಳಿದಾಗ, ವಾರ, ತಿಂಗಳು ಸರಿಯುವ ವೇಗದಲ್ಲಿ ಎಳೆಯರಿಗೂ ಹಿರಿಯರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಳೆದ ಹತ್ತು ವರ್ಷ ಹೇಗೆ ಹೋಯಿತು ಎಂದು ಕೇಳಿದಾಗ ಮಾತ್ರ ಹಿರಿಯರು ಓಡಿಹೋಯಿತು ಎಂದರು.

ಅಂದರೆ ಓಡುವುದು ದಿನವಲ್ಲ, ತಿರುಗಿ ನೋಡಿದಾಗ ಕಾಣುವ ವರ್ಷ. ಒಂದೇ ಥರದ ದಿನಗಳು ನೆನಪಿನಲ್ಲಿ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. 1962ರಲ್ಲಿ ಮಿಶೆಲ್ ಸೀಫ್ರ್ ಎಂಬ ಫ್ರೆಂಚ್ ಭೂವಿಜ್ಞಾನಿ ಗಡಿಯಾರವಿಲ್ಲದೆ ಎರಡು ತಿಂಗಳು ಗುಹೆಯೊಳಗಿದ್ದು ಸೆಪ್ಟೆಂಬರ್ 14ರಂದು ಹೊರಬಂದಾಗ, ಅವನ ಲೆಕ್ಕದಲ್ಲಿ ಅದಿನ್ನೂ ಆಗಸ್ಟ್ 20. ಅವನಿಗಿನ್ನೂ ಇಪ್ಪತ್ತಮೂರು ವರ್ಷ, ಹಾಗಾಗಿ ಮುಪ್ಪಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ನಾನು ಮಲಗಿದ್ದ ತಿಂಗಳುಗಳೂ ಹಾಗೇ ಕರಗಿಹೋಗಬೇಕಿತ್ತು. ಹೋಗಲಿಲ್ಲ, ನೀವು ಬಿಡಲಿಲ್ಲ. ಮಗಳು ಆಗಾಗ ಮಂಚ ತಿರುಗಿಸಿ ಹಾಕುತ್ತಿದ್ದಳು. ಒಮ್ಮೆ ಕಿಟಕಿಯ ಕಡೆ, ಒಮ್ಮೆ ಪುಸ್ತಕದ ಕಪಾಟಿನ ಕಡೆ, ಒಮ್ಮೆ ಅಡುಗೆಮನೆ ಬಾಗಿಲ ಕಡೆ. ಆಗ ಅದೆಲ್ಲ ಯಾಕೆಂದು ಬೈದಿದ್ದೆ. ಈಗ ಯಾವ ಮಾತು ಯಾವಾಗ ನಡೆಯಿತು ಎಂಬುದು ಮಂಚ ಇದ್ದ ದಿಕ್ಕಿನಿಂದಲೇ ನೆನಪಾಗುತ್ತದೆ. ಫಿಸಿಯೋಥೆರಪಿಸ್ಟ್ ನೆಲದ ಟೈಲ್ಸ್ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, "ನಾಳೆ ಇದನ್ನು ದಾಟಬೇಕು" ಎಂದು ಗದರಿಸಿ ಹೋಗುತ್ತಿದ್ದರು. ಆ ಒಂದೊಂದು ಗೆರೆ ದಾಟಿದ್ದೂ ನನಗೆ ಬೇರೆಬೇರೆಯಾಗಿ ನೆನಪಿದೆ. ಮೊಮ್ಮಗ ಚೆಸ್ ಹಲಗೆ ತಂದು ಹೊಟ್ಟೆಯ ಮೇಲೇ ಇಟ್ಟು ಆಡುತ್ತಿದ್ದ. ಸೋತರೆ ಹಲಗೆಯನ್ನೇ ಮಗುಚುತ್ತಿದ್ದ. ಅಕ್ಕ ದಿನಾ ಸಂಜೆ ಫೋನಿನಲ್ಲಿ ನಾವು ಚಿಕ್ಕವರಿದ್ದಾಗಿನ ಒಂದು ಜಗಳ ಎತ್ತಿಕೊಂಡು ಮತ್ತೆ ಹೊಸದಾಗಿ ಜಗಳವಾಡುತ್ತಿದ್ದಳು.

ನನ್ನಾಕೆಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳುತ್ತೇನೆ, ಅದಕ್ಕೇ ಬಿಟ್ಟಿದ್ದೇನೆ.

ಮೆಸೇಜಿಗೆ ಇನ್ನೂ ಉತ್ತರ ಬಾರದವರು ಬೇಸರ ಮಾಡಿಕೊಳ್ಳಬೇಡಿ. ಬಹಳ ಹೊತ್ತು ಕೂತು ಟೈಪ್ ಮಾಡಲು ಸೊಂಟ ಬಿಡುತ್ತಿಲ್ಲ, ಒಬ್ಬೊಬ್ಬರಿಗೇ ಬರೆಯುತ್ತಿದ್ದೇನೆ. ಮೆಟ್ಟಿಲು ಹತ್ತಲು ಡಾಕ್ಟರು ಒಪ್ಪಿದ ಕೂಡಲೇ ಮೊದಲು ಹೋಗುವುದು ಮೇಷ್ಟ್ರ ಮನೆಗೆ. ಈ ಸಲ ಹೊಸ ವಿಷಯ ತರುವ ಸರದಿ ನನ್ನದು.