ರೈಲ್‌ಬಸ್ ಕೇಳುವ ಮುನ್ನ ಗಾಲಿ ನೋಡಿ

ಮಾನ್ಯ ಸಂಪಾದಕರೇ,

ತಾಳಗುಪ್ಪದಿಂದ ಸಿದ್ದಾಪುರ, ಶಿರಸಿ ಮಾರ್ಗವಾಗಿ ಹುಬ್ಬಳ್ಳಿಗೆ ರೈಲು ಬೇಕೆಂಬ ಮಾತು ಎದ್ದಾಗಲೆಲ್ಲ ‘ಮೊದಲಿಗೆ ರೈಲ್‌ಬಸ್ಸಾದರೂ ಬಿಡಲಿ’ ಎನ್ನುವವರಿದ್ದಾರೆ. ಮೀಟರ್‌ಗೇಜ್ ಕಾಲದಲ್ಲಿ ಶಿವಮೊಗ್ಗ–ತಾಳಗುಪ್ಪ ನಡುವೆ ರೈಲ್‌ಬಸ್ ಓಡಿದ್ದನ್ನು ಕಂಡವರು ಘಟ್ಟದ ಮೇಲೆ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಸಣ್ಣ ಗಾಡಿ ಕೇಳುವುದು ಸರಿಯೇ. ಆದರೆ ಎಂಥ ಗಾಡಿ ಎಂದು ಮನವಿಯಲ್ಲೇ ಬರೆಯದಿದ್ದರೆ ಎಲ್ಲಕ್ಕಿಂತ ಅಗ್ಗದ್ದು ಬಂದು ನಿಲ್ಲುತ್ತದೆ. ಬ್ರಿಟನ್ನಿನ ‘ಪೇಸರ್’ ಡೀಸೆಲ್ ಗಾಡಿಗಳ ಕಥೆ ಅದೇ.

ಹಣದ ಮುಗ್ಗಟ್ಟಿನಲ್ಲಿದ್ದ ಬ್ರಿಟಿಷ್ ರೈಲ್ವೆ 1980ರ ದಶಕದಲ್ಲಿ ಲೇಲ್ಯಾಂಡ್ ಬಸ್ಸಿನ ಒಡಲನ್ನು ನಾಲ್ಕು ಗಾಲಿಯ ಚೌಕಟ್ಟಿನ ಮೇಲೆ ಕೂರಿಸಿತು. ಮೊದಲು ‘141ನೇ ವರ್ಗ’ ಎಂಬ ಮಾದರಿ ಬಂತು. 1985–87ರಲ್ಲಿ 142ನೇ ವರ್ಗದ 96 ಜೋಡಿಗಳು ಹೊರಬಿದ್ದವು, ಜೋಡಿಗೆ ಎರಡು ಡಬ್ಬಿ. ಪ್ರತಿ ಡಬ್ಬಿಯ ಅಡಿಯಲ್ಲಿ 200 ಅಶ್ವಶಕ್ತಿಯ ಒಂದು ಬಸ್ ಎಂಜಿನ್, ಅದು ತಿರುಗಿಸುವುದು ಒಂದೇ ಅಚ್ಚನ್ನು (ಎರಡು ಗಾಲಿ ಜೋಡಿಸುವ ಆಕ್ಸಲ್). ಗೇರ್‌ಬಾಕ್ಸ್ ಮೇಲಿಂದ ಮೇಲೆ ಕೆಟ್ಟು, ಕೆಲವೇ ವರ್ಷಗಳಲ್ಲಿ ಹೈಡ್ರಾಲಿಕ್ ಮಾದರಿಗೆ ಬದಲಾಯಿಸಬೇಕಾಯಿತು. ಎಂಜಿನ್ ಕೂಡ ಕಮಿನ್ಸ್ ಕಂಪನಿಯದಕ್ಕೆ ಬದಲಾಯಿತು.

ಇವನ್ನೆಲ್ಲ ಬದಲಾಯಿಸಬಹುದಿತ್ತು, ಬದಲಾಯಿಸಲಾಗದ ದೋಷ ಗಾಲಿಯಲ್ಲಿತ್ತು. ಬೋಗಿ ಎಂದರೆ ನಮಗೆ ಇಡೀ ಡಬ್ಬಿ. ರೈಲ್ವೆ ಕಾರ್ಯಾಗಾರದಲ್ಲಿ ಬೋಗಿ ಎಂದರೆ ಡಬ್ಬಿಯ ಎರಡು ತುದಿಗಳ ಅಡಿಯಲ್ಲಿ, ತಿರುವಿಗೆ ತಕ್ಕಂತೆ ಹೊರಳುವ ನಾಲ್ಕು ಗಾಲಿಯ ಚೌಕಟ್ಟು. ಪೇಸರ್‌ಗೆ ಅದಿಲ್ಲ. ಅದರ ಎರಡು ಅಚ್ಚುಗಳ ನಡುವೆ 9 ಮೀಟರ್ ಅಂತರ. ತಿರುವಿನಲ್ಲೂ ಅವು ಹೊರಳುವುದಿಲ್ಲ. ನಮ್ಮ ಐಸಿಎಫ್ (ಚೆನ್ನೈನ ರೈಲು ಡಬ್ಬಿ ಕಾರ್ಖಾನೆ) ಮಾದರಿಯ ಬೋಗಿಯಲ್ಲಿ ಈ ಅಂತರ 2.896 ಮೀಟರ್. 8 ಡಿಗ್ರಿಯ ತಿರುವು, ಅಂದರೆ ಸುಮಾರು 219 ಮೀಟರ್ ತ್ರಿಜ್ಯ, ತೆಗೆದುಕೊಳ್ಳಿ. ಲೆಕ್ಕ ಹಾಕಿದರೆ ಪೇಸರ್‌ನಂಥ ನಾಲ್ಕು ಗಾಲಿಯ ಗಾಡಿಯ ಮುಂದಿನ ಗಾಲಿ ಹಳಿಗೆ ಹೆಚ್ಚುಕಡಿಮೆ 1.2 ಡಿಗ್ರಿ ಓರೆಯಾಗಿ ನುಗ್ಗುತ್ತದೆ, ಬೋಗಿಯದು 0.4 ಡಿಗ್ರಿ. ಆ ಓರೆಯಿಂದಲೇ ಗಾಲಿಯ ಅಂಚು ಹಳಿಯ ಒಳಮೈಯನ್ನು ಕೆರೆಯುತ್ತದೆ, ಕಿವಿ ಸೀಳುವಂತೆ ಕಿರುಚುತ್ತದೆ, ಎರಡೂ ಸವೆಯುತ್ತವೆ. ಕಾರ್ನ್‌ವಾಲ್, ಡೆವನ್‌ನ ಸುರುಳಿ ದಾರಿಗಳಿಗೆ ಕಳಿಸಿದ್ದ 13 ಜೋಡಿಗಳನ್ನು ಗಾಲಿ ಸವೆತ ತಾಳಲಾರದೆ ಕೆಲವೇ ವರ್ಷಗಳಲ್ಲಿ ವಾಪಸು ತೆಗೆದು ಉತ್ತರ ಇಂಗ್ಲೆಂಡಿಗೆ ಸಾಗಿಸಿದರು. ನಮ್ಮ ಘಟ್ಟದಲ್ಲಿ ನೇರ ಹಳಿ ಎಷ್ಟು ಸಿಕ್ಕೀತು?

ಮಳೆಗಾಲವನ್ನೂ ಮರೆಯಬಾರದು. ಒದ್ದೆ ಎಲೆ ನುಣ್ಣಗೆ ಅರೆದು ಹಳಿಗೆ ಮೆತ್ತಿಕೊಂಡರೆ, ಡಬ್ಬಿಗೆ ಒಂದೇ ಅಚ್ಚು ಎಳೆಯುವ ಗಾಡಿ ಏರಿನಲ್ಲಿ ಗಾಲಿ ಜಾರಿಸುತ್ತದೆ. ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದ ಹಳಿಯ ಮೇಲೆ ಹಗುರ ಗಾಡಿಯ ಗಾಲಿ ಸರಿಯಾಗಿ ವಿದ್ಯುತ್ ದಾಟಿಸದೆ, ಗಾಡಿ ನಿಂತಿದ್ದರೂ ಟ್ರ್ಯಾಕ್ ಸರ್ಕ್ಯೂಟ್ (ಹಳಿಯಲ್ಲಿ ವಿದ್ಯುತ್ ಹರಿಸಿ ಗಾಡಿ ಇದೆಯೇ ಎಂದು ತಿಳಿಯುವ ವ್ಯವಸ್ಥೆ) ‘ದಾರಿ ಖಾಲಿ’ ಎಂದು ತೋರಿಸುವ ಅಪಾಯವಿದೆ. ಇದಕ್ಕೆ ಅಚ್ಚು ಎಣಿಸುವ ಆಕ್ಸಲ್ ಕೌಂಟರ್ ಬೇಕು.

ಪೇಸರ್ ತಂದದ್ದು ತಾತ್ಕಾಲಿಕವೆಂದು. ಹೋದದ್ದು ಮೂವತ್ತು ವರ್ಷ ಮೀರಿದ ಮೇಲೆ, ಅದೂ ಅಂಗವಿಕಲ ಪ್ರಯಾಣಿಕರ ಅನುಕೂಲಕ್ಕಾಗಿ ಬಂದ ನಿಯಮದ ಗಡುವು 2019ಕ್ಕೆ ಮುಗಿದದ್ದರಿಂದ. ಹಾಗಿದ್ದರೂ ಅಲ್ಲಿನ ಎಷ್ಟೋ ಕವಲು ದಾರಿಗಳು ಮುಚ್ಚದೆ ಉಳಿದದ್ದು ಇದೇ ಗಾಡಿಯಿಂದ ಎಂಬುದನ್ನೂ ಹೇಳಲೇಬೇಕು.

ಆದ್ದರಿಂದ ಮನವಿ ಬರೆಯುವ ಹೋರಾಟ ಸಮಿತಿಗಳಲ್ಲಿ ಒಂದು ಕೋರಿಕೆ: ‘ರೈಲ್‌ಬಸ್’ ಎಂಬ ಪದ ಬಿಡಿ. ‘ಬೋಗಿಯುಳ್ಳ, ಡಬ್ಬಿಗೆ ಎರಡಾದರೂ ಅಚ್ಚು ಎಳೆಯುವ, ಎರಡು ಅಥವಾ ಮೂರು ಡಬ್ಬಿಯ ಡೆಮು (ಡಬ್ಬಿಯಲ್ಲೇ ಡೀಸೆಲ್ ಎಂಜಿನ್ ಇರುವ ಗಾಡಿ)’ ಎಂದು ಬರೆಯಿರಿ. ಕಾರವಾರ, ಕುಮಟಾ, ಭಟ್ಕಳದವರು ಡೀಸೆಲ್ ಗಾಡಿ ಕೇಳುವ ಅಗತ್ಯವೇ ಇಲ್ಲ. 2022ರಲ್ಲೇ ಕೊಂಕಣ ಮಾರ್ಗದ ವಿದ್ಯುದೀಕರಣ ಮುಗಿದಿದೆ, ಅಲ್ಲಿಗೆ ಅದೇ ಬಗೆಯ ವಿದ್ಯುತ್ ಗಾಡಿಯಾದ ಮೆಮು ಕೇಳಿ.

— ಒಬ್ಬ ಓದುಗ, ಶಿರಸಿ