ಹಳೇ ಸೈಕಲ್‌ಗೂ ಈಗ ಬರ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ನವೆಂಬರ್ 2021

ಮಾನ್ಯ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ತಾವು ನಮ್ಮ ತುಮಕೂರು ಜಿಲ್ಲೆಯವರೇ. ಇಲ್ಲಿನ ಹಳ್ಳಿ ಮಕ್ಕಳು ಹೈಸ್ಕೂಲಿಗೆ ಎಷ್ಟು ದೂರದಿಂದ ಬರುತ್ತಾರೆ ಅಂತ ತಮಗೆ ಬೇರೆ ಹೇಳಬೇಕಿಲ್ಲ. ನಾನು ಒಂದು ಹೋಬಳಿ ಊರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಹಳೇ ಸೈಕಲ್ ಕೊಂಡು, ರೆಡಿ ಮಾಡಿ ಮಾರುವುದೂ ಉಂಟು. ಶಾಲೆ ಮತ್ತೆ ಶುರುವಾದ ಮೇಲೆ ಅಂಗಡಿಗೆ ಬರುವ ಅಪ್ಪ ಅಮ್ಮಂದಿರದು ಒಂದೇ ಮಾತು: 'ಕಮ್ಮಿಗೆ ಒಂದು ಸೆಕೆಂಡ್ ಹ್ಯಾಂಡ್ ಇದ್ರೆ ನೋಡಣ್ಣ.'

ಕಮ್ಮಿಗೆ ಎಲ್ಲೂ ಇಲ್ಲ. ಕೊರೊನಾಗೆ ಮುಂಚೆ ಸಾವಿರ ರೂಪಾಯಿಗೆ ಸಿಗುತ್ತಿದ್ದ ಲೇಡೀಸ್ ಸೈಕಲ್‌ಗೆ ಈಗ ಎರಡೂವರೆ, ಮೂರು ಸಾವಿರ ಹೇಳುತ್ತಾರೆ. ಅದಾದರೂ ಚೆನ್ನಾಗಿರುತ್ತದಾ ಅಂದರೆ ಅದೂ ಇಲ್ಲ. ಟೈರ್ ಸವೆದಿರುತ್ತದೆ, ಫ್ರೀವೀಲ್ ಜಾರುತ್ತದೆ, ರಿಮ್ ಬೆಂಡಾಗಿರುತ್ತದೆ. ರಿಪೇರಿಗೆ ಮತ್ತೆ ಏಳೆಂಟು ನೂರು. ಕೂಲಿ ಮಾಡುವ ಮನೆಯಲ್ಲಿ ಇಷ್ಟು ದುಡ್ಡು ಎಲ್ಲಿಂದ ಬರಬೇಕು?

ಬೆಲೆ ಏರಿದ್ದಕ್ಕೆ ಕಾರಣ ದೊಡ್ಡದೇ ಇದೆ, ಒಪ್ಪುತ್ತೇನೆ. ಕಳೆದ ವರ್ಷ ಲಾಕ್‌ಡೌನ್ ಸಡಿಲವಾದ ಕೂಡಲೇ ಊರಿಗೆ ಊರೇ ಸೈಕಲ್ ಹತ್ತಿತು. ಜಿಮ್ ಮುಚ್ಚಿತ್ತು, ಬಸ್ ಹತ್ತಲು ಭಯ. 2020ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ದೇಶದಲ್ಲಿ ಸುಮಾರು 41 ಲಕ್ಷ ಸೈಕಲ್ ಮಾರಾಟವಾದವು ಎಂದು ತಯಾರಕರ ಸಂಘವೇ ಹೇಳಿತು. ಅತ್ತ ಪಂಜಾಬಿನ ಲೂಧಿಯಾನದ ಸೈಕಲ್ ಕಾರ್ಖಾನೆಗಳಲ್ಲಿ ಕೆಲಸಗಾರರು ಊರು ಸೇರಿಕೊಂಡಿದ್ದರು. ದಿಲ್ಲಿ ಹತ್ತಿರದ ಸಾಹಿಬಾಬಾದ್‌ನ ಅಟ್ಲಾಸ್ ಸೈಕಲ್ ಕಾರ್ಖಾನೆ ಅದೇ ಜೂನ್ 3ಕ್ಕೆ ಬಾಗಿಲು ಹಾಕಿತು. ಅವತ್ತು ವಿಶ್ವ ಸೈಕಲ್ ದಿನ ಬೇರೆ! ಆಮೇಲೆ ಉಕ್ಕಿನ ಬೆಲೆ ಏರಿತು, ಹೊಸ ಸೈಕಲ್ ರೇಟೂ ಏರಿತು. ಹೊಸದು ಕೊಳ್ಳಲಾಗದವರು ಹಳೆಯದಕ್ಕೆ ಬಂದರು.

ಆದರೆ ನಮ್ಮಂಥ ಊರುಗಳಲ್ಲಿ ಇದಿಷ್ಟೇ ಆಗಿದ್ದರೆ ಬೆಲೆ ಇಷ್ಟರಲ್ಲಿ ಇಳಿಯಬೇಕಿತ್ತು. ಇಳಿದಿಲ್ಲ. ಏಕೆಂದರೆ ಇಲ್ಲಿ ಸೆಕೆಂಡ್ ಹ್ಯಾಂಡ್ ಸೈಕಲ್ ಅಂದರೆ ಬಹುಪಾಲು ಸರ್ಕಾರ ಕೊಟ್ಟ ಸೈಕಲ್. 2006-07ರಲ್ಲಿ ಶುರುವಾದ ಯೋಜನೆ ಅದು. ಎಂಟನೇ ತರಗತಿಯಲ್ಲಿ ಸಿಕ್ಕಿದ್ದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಪಕ್ಕದ ಮನೆಗೋ, ನನ್ನ ಅಂಗಡಿಗೋ ಬರುತ್ತಿತ್ತು. 'ಸರ್ಕಾರದ ಸೈಕಲ್ ಮಾರಿಕೊಂಡರು' ಅಂತ ಬೈದವರು ಬಹಳ ಜನ. ನನಗಂತೂ ಅದರಲ್ಲಿ ತಪ್ಪು ಕಾಣಲಿಲ್ಲ. ಗಾರೆ ಕೆಲಸದವರು, ಹಾಲು ಹಾಕುವವರು, ಆರು ಏಳನೇ ತರಗತಿ ಮಕ್ಕಳು ಓಡಾಡಿದ್ದು ಅದರಲ್ಲೇ ಅಲ್ವಾ?

2020-21ರಲ್ಲಿ ಕೊರೊನಾ ಎಂದು ಯೋಜನೆ ನಿಂತಿತು. ಈ ವರ್ಷವೂ ಸೈಕಲ್ ಬಂದಿಲ್ಲ. ವರ್ಷಕ್ಕೆ ಸುಮಾರು 5 ಲಕ್ಷ ಮಕ್ಕಳಿಗೆ ಸಿಗುತ್ತಿದ್ದದ್ದು ಅದು. ಸುಮ್ನೆ ಕೂತು ಲೆಕ್ಕ ಹಾಕಿ ನೋಡಿ. ಈಗ ಎಂಟು, ಒಂಬತ್ತರಲ್ಲಿರುವ ಎರಡು ಬ್ಯಾಚಿನ ಮಕ್ಕಳು ಸೈಕಲ್ ಬೇಕೆಂದರೆ ಅಂಗಡಿಗೇ ಬರಬೇಕು. ಇನ್ನು ಪಾಸಾದವರು ಮೊದಲಿನ ಹಾಗೆ ಸೈಕಲ್ ಮಾರುತ್ತಿಲ್ಲ. 'ತಂಗಿಗೆ ಬೇಕಾಗುತ್ತೆ, ಅವಳಿಗೆ ಸರ್ಕಾರದಿಂದ ಬರೋದು ಗ್ಯಾರಂಟಿ ಇಲ್ಲ' ಅನ್ನುತ್ತಾರೆ. ಕೇಳುವವರು ಜಾಸ್ತಿ, ಕೊಡುವವರು ಕಮ್ಮಿ. ಇದರ ನಡುವೆ ಕೆಲವರು ಲಗೇಜ್ ಆಟೋ ತಂದು ಹಳ್ಳಿ ಸುತ್ತಿ, ಸಿಕ್ಕ ಹಳೇ ಸೈಕಲ್ ಎಲ್ಲ ಎತ್ತಿಕೊಂಡು ಪೇಟೆಗೆ ಒಯ್ಯುತ್ತಾರೆ.

ಹಾಗಂತ ಮಾರುವವರ ಮೇಲೆ ರೇಡ್ ಮಾಡಿ, ರೇಟ್ ಫಿಕ್ಸ್ ಮಾಡಿ ಅಂತ ನಾನು ಕೇಳುತ್ತಿಲ್ಲ. ಕಳೆದ ವರ್ಷ ಮಾಸ್ಕ್‌ಗೆ, ಸ್ಯಾನಿಟೈಸರ್‌ಗೆ ಬೆಲೆ ಕಟ್ಟಿದ್ದರು, ಸರಿ. ಒಂದು ಮಾಸ್ಕ್ ಇನ್ನೊಂದರ ಹಾಗೇ ಇರುತ್ತದೆ. ಹಳೇ ಸೈಕಲ್ ಹಾಗಲ್ಲ. ಒಂದರ ಬಿಬಿ ಆಕ್ಸಲ್, ಅಂದರೆ ಪೆಡಲ್ ತುಳಿದಾಗ ತಿರುಗುವ ಅಚ್ಚು, ಹೋಗಿರುತ್ತದೆ, ಇನ್ನೊಂದರ ಫೋರ್ಕ್ ಬೆಂಡಾಗಿರುತ್ತದೆ. ಬೆಲೆ ಕಟ್ಟಿದರೆ ಇರುವ ನಾಲ್ಕು ಸೈಕಲ್ಲೂ ಹಿತ್ತಲು ಸೇರುತ್ತವೆ. ಹೊಸ ಸೈಕಲ್ ಬರಲಿ, ಹಳೆಯದರ ಬೆಲೆ ತಾನಾಗಿ ಇಳಿಯುತ್ತದೆ. ನನ್ನ ವ್ಯಾಪಾರ ಸ್ವಲ್ಪ ಕುಗ್ಗುತ್ತದೆ, ಪರವಾಗಿಲ್ಲ. ಪಂಕ್ಚರ್ ಅಂತೂ ಇದ್ದೇ ಇದೆ.

ಆದ್ದರಿಂದ ದಯವಿಟ್ಟು ಯೋಜನೆಯನ್ನು ಮತ್ತೆ ಶುರು ಮಾಡಿ. ಕೊಡುವಾಗ ಈಗಿನ ಒಂಬತ್ತನೇ ತರಗತಿಯವರನ್ನು ಬಿಡಬೇಡಿ. ಕಳೆದ ವರ್ಷ ಅವರ ಪಾಲಿನದು ಸಿಕ್ಕಿಲ್ಲ. ಬಸ್ ಪಾಸ್ ಇದ್ದವರಿಗೆ ಸೈಕಲ್ ಇಲ್ಲ ಎಂಬ ನಿಯಮವನ್ನೂ ಇನ್ನೊಂದು ಸಲ ನೋಡಿ. ಕೊರೊನಾದಲ್ಲಿ ನಿಂತ ಹಳ್ಳಿ ಬಸ್‌ಗಳು ನಮ್ಮ ಕಡೆ ಎಲ್ಲವೂ ವಾಪಸ್ ಬಂದಿಲ್ಲ. ಪಾಸ್ ಜೇಬಿನಲ್ಲಿದೆ, ಮಗು ನಡೆದೇ ಬರುತ್ತಿದೆ.

ಸೈಕಲ್‌ಗಳ ಜೋಡಣೆ ಬಗ್ಗೆಯೂ ಒಂದು ಮಾತು. ಹಿಂದೆಲ್ಲ ಶಾಲೆ ಅಂಗಳದಲ್ಲಿ ಗಡಿಬಿಡಿಯಲ್ಲಿ ಫಿಟ್ ಮಾಡಿ ಹೋಗುತ್ತಿದ್ದರು. ಮರುದಿನವೇ ನಟ್ ಸಡಿಲ, ಬ್ರೇಕ್ ಹಿಡಿಯುವುದಿಲ್ಲ ಎಂದು ಮಕ್ಕಳು ಅಂಗಡಿಗೆ ತಳ್ಳಿಕೊಂಡು ಬರುತ್ತಿದ್ದರು. ಆ ಕೆಲಸವನ್ನು ಹತ್ತಿರದ ರಿಪೇರಿಯವರಿಗೇ ಕೊಟ್ಟರೆ ಕೆಟ್ಟಾಗ ಕೇಳಲು ಒಬ್ಬರಿರುತ್ತಾರೆ.

ಹೊಸದಕ್ಕೆ ಟೆಂಡರ್, ಅದು ಇದು ಅಂತ ತಿಂಗಳುಗಳೇ ಹಿಡಿಯುತ್ತವೆ, ಗೊತ್ತು. ಅಲ್ಲಿಯವರೆಗೆ ಪೊಲೀಸ್ ಠಾಣೆಗಳ ಹಿಂದೆ ತುಕ್ಕು ಹಿಡಿಯುತ್ತಿರುವ ವಾರಸುದಾರರಿಲ್ಲದ ಸೈಕಲ್‌ಗಳನ್ನು ಗೃಹ ಇಲಾಖೆಯವರ ಜೊತೆ ಮಾತಾಡಿ ಶಾಲೆಗಳಿಗೆ ಕೊಡಿಸಬಹುದು. ಹರಾಜಾದರೆ ಗುಜರಿಯವರು ಲಾಟ್‌ನಲ್ಲಿ ತೂಕಕ್ಕೆ ಹಾಕಿಕೊಂಡು ಹೋಗುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಟೈರು, ಟ್ಯೂಬು, ಚೈನು ಹಾಕಿದರೆ ಓಡುವಂಥವು.

ಇನ್ನೊಂದಕ್ಕೆ ಗಡುವಿದೆ. ಈಗ ಹತ್ತನೇ ತರಗತಿಯಲ್ಲಿರುವವರೇ ಸರ್ಕಾರಿ ಸೈಕಲ್ ಪಡೆದ ಕೊನೆಯ ಬ್ಯಾಚ್. ಅವರ ಪರೀಕ್ಷೆ ಮುಗಿಯುತ್ತಿದ್ದಂತೆ ಲಗೇಜ್ ಆಟೋಗಳು ಬಂದು ನಿಲ್ಲುತ್ತವೆ. ಮಾರುವ ಮನಸ್ಸಿರುವವರಿಂದ ಶಾಲಾಭಿವೃದ್ಧಿ ಸಮಿತಿಯವರೇ (ಎಸ್‌ಡಿಎಂಸಿ) ನ್ಯಾಯವಾದ ಬೆಲೆಗೆ ಕೊಂಡು, ಫ್ರೇಮ್ ನಂಬರ್ ಬರೆದಿಟ್ಟು, ಅದೇ ಶಾಲೆಯ ಎಂಟನೇ ತರಗತಿಯವರಿಗೆ ಕೊಡುವ ಹಾಗೆ ಒಂದು ಸುತ್ತೋಲೆ ಹೊರಡಿಸಿ. ಅದಕ್ಕೆ ಶಾಲೆಗೆ ಸ್ವಲ್ಪ ಹಣವೂ ಬೇಕು. ಮಾರ್ಚ್ ಒಳಗೆ ಆಗಬೇಕು ಸಾರ್, ಏಪ್ರಿಲ್‌ಗೆ ತಡವಾಗುತ್ತದೆ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ಸೈಕಲ್ ರಿಪೇರಿಯವನು