ಡ್ರ್ಯಾಗನ್ ಜತೆಗೆ ಲ್ಯಾಂಡ್ ಕಾರ್ಡನ್ನೂ ಕೊಡಿ

ಮಾನ್ಯರೇ,

ಮಕ್ಕಳಿಗೆ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟದ ಕಾರ್ಡ್ ಕೊಡಿಸುವ ಪೋಷಕರಿಗೂ ಅದನ್ನು ಮಾರುವ ಅಂಗಡಿಯವರಿಗೂ ಒಂದು ಮಾತು. ಬರೀ ಬೂಸ್ಟರ್ ಪೊಟ್ಟಣಗಳನ್ನು (ಯಾವ ಕಾರ್ಡಿದೆಯೆಂದು ಮೊದಲೇ ತಿಳಿಯದ ಕಾರ್ಡ್ ಪೊಟ್ಟಣ) ಒಡೆದರೆ ಡೆಕ್ಕಿಗೆ, ಅಂದರೆ ಆಡುವ ಕಾರ್ಡಿನ ಕಟ್ಟಿಗೆ, ಬೇಕಾದಷ್ಟು ಲ್ಯಾಂಡ್ ಕಾರ್ಡ್ ಸಿಗುವುದಿಲ್ಲ. ಉಳಿದ ಕಾರ್ಡುಗಳನ್ನು ಇಳಿಸಲು ಬೇಕಾದ ‘ಮನಾ’ ಎಂಬ ಶಕ್ತಿ ಕೊಡುವುದು ಈ ಲ್ಯಾಂಡ್‌ಗಳೇ. ಮಕ್ಕಳು ಹೊಳೆಯುವ ಡ್ರ್ಯಾಗನ್‌ಗಳನ್ನೆಲ್ಲ ತುಂಬಿ, ಸಿಕ್ಕ ಹತ್ತು ಲ್ಯಾಂಡ್ ಸೇರಿಸಿ ಆಡಲು ಕೂರುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಒಂದು ಸರದಿಗೆ ಇಳಿಸಬಹುದಾದದ್ದು ಒಂದೇ ಲ್ಯಾಂಡ್. ಆರು ಮನಾ ಕೇಳುವ ಡ್ರ್ಯಾಗನ್ ಅಷ್ಟು ಲ್ಯಾಂಡ್ ಕೂಡುವವರೆಗೆ ಕೈಯಲ್ಲೇ ಕೊಳೆಯುತ್ತದೆ.

60 ಕಾರ್ಡಿನ ಡೆಕ್ಕಿಗೆ 24 ಲ್ಯಾಂಡ್, 40ರದ್ದಕ್ಕೆ 17. ಇಲ್ಲಿಂದ ಶುರು ಮಾಡಿ. 24 ಇದ್ದಾಗ ಮೊದಲ ಏಳು ಕಾರ್ಡಿನಲ್ಲಿ ಲ್ಯಾಂಡೇ ಇಲ್ಲದಿರುವ ಅಥವಾ ಒಂದೇ ಬರುವ ಸಂಭವ ಶೇ 14ರಷ್ಟು. ‘ನಾಲ್ಕು ತಾನೇ’ ಎಂದು 20ಕ್ಕೆ ಇಳಿಸಿದರೆ ಅದು ಸುಮಾರು ಶೇ 25, ಅಂದರೆ ನಾಲ್ಕು ಆಟಕ್ಕೊಂದು ಶುರುವಿನಲ್ಲೇ ಕೆಟ್ಟಂತೆ. ಒಂದು, ಎರಡು ಮನಾದ ಅಗ್ಗದ ಕಾರ್ಡುಗಳೇ ಹೆಚ್ಚಿರುವ ಡೆಕ್ ಮಾತ್ರ 20ರಲ್ಲಿ ನಡೆದೀತು.

ಎರಡು ಬಣ್ಣದ ಡೆಕ್ಕಾದರೆ ಕಾರ್ಡಿನ ಬಲಮೇಲ್ತುದಿಯಲ್ಲಿ ಯಾವ ಬಣ್ಣದ ಮನಾ ಬೇಕೆಂದು ತೋರಿಸುವ ಗುರುತುಗಳನ್ನು ಎಣಿಸಬೇಕು. ಕೆಂಪು 20, ಹಸಿರು 10 ಬಂದರೆ ಲೆಕ್ಕದ ಪ್ರಕಾರ 17ರಲ್ಲಿ ಕೆಂಪು ಮನಾ ಕೊಡುವ ಮೌಂಟನ್ ಲ್ಯಾಂಡ್ 11, ಹಸಿರಿನ ಫಾರೆಸ್ಟ್ 6. ಆದರೆ ಎರಡನೇ ಸರದಿಗೇ ಇಳಿಯಬೇಕಾದ ಕಾರ್ಡುಗಳು ಹಸಿರಿನಲ್ಲಿದ್ದರೆ 10–7 ಮಾಡುವುದೇ ಮೇಲು. ಮೂರನೇ ಬಣ್ಣದ ಗೋಜು ಹೊಸಬರಿಗೆ ಬೇಡ.

ಲೆಕ್ಕ ಸರಿಯಿದ್ದೂ ಕೈಗೆ ಬರೀ ಲ್ಯಾಂಡ್ ಬರುತ್ತಿದ್ದರೆ ಕಲೆಸುವುದನ್ನು ಗಮನಿಸಿ. ಆಡುವಾಗ ಲ್ಯಾಂಡೆಲ್ಲ ಮೇಜಿನ ಮೇಲೆ ಒಂದೇ ಸಾಲಿನಲ್ಲಿರುತ್ತವೆ. ಬಾಚಿ ಕಟ್ಟಿಗೆ ಸೇರಿಸಿ, ಇಸ್ಪೀಟಿನಂತೆ ಎರಡು ಸಲ ಮೇಲೆ ಕೆಳಗೆ ಮಾಡಿದರೆ ಆ ಗುಂಪು ಒಡೆಯುವುದಿಲ್ಲ. ಕಟ್ಟನ್ನು ಎರಡು ಭಾಗ ಮಾಡಿ ಒಂದರ ಅಂಚಿನೊಳಗೆ ಇನ್ನೊಂದನ್ನು ತೂರಿಸಿ. ಏಳೆಂಟು ಸಲವಾದರೂ ಆಗಬೇಕು. ಎರಡು ಕಾರ್ಡಿಗೊಂದು ಲ್ಯಾಂಡ್ ಎಂದು ಕೈಯಾರೆ ಜೋಡಿಸಿ, ಕಲೆಸದೆ ಆಡುವುದು ಜಾಣತನವಲ್ಲ, ಮೋಸ.

ಒಂದೇ ಕಾರ್ಡಿನ ನಾಲ್ಕು ಪ್ರತಿಗಿಂತ ಹೆಚ್ಚು ಇರಬಾರದೆಂಬ ನಿಯಮ ಪ್ಲೇನ್ಸ್, ಐಲ್ಯಾಂಡ್, ಸ್ವಾಂಪ್, ಮೌಂಟನ್, ಫಾರೆಸ್ಟ್ ಎಂಬ ಐದು ಬಗೆಯ ಮೂಲ ಲ್ಯಾಂಡ್‌ಗಳಿಗೆ ಅನ್ವಯಿಸದು. ಮಾಮೂಲಿ ಮುದ್ರಣದವು ದುಬಾರಿಯೂ ಅಲ್ಲ. ಅಂಗಡಿಯವರು ಬಗೆಗೆ 20ರಂತೆ ನೂರು ಕಾರ್ಡಿನ ಡಬ್ಬಿಯೊಂದನ್ನು ಬೂಸ್ಟರ್ ಪಕ್ಕದಲ್ಲೇ ಮಾರಾಟಕ್ಕಿಡಲಿ.

– ಕಾರ್ಡ್ ಆಟದ ಹವ್ಯಾಸಿ, ಬೆಂಗಳೂರು